ನಡುಮನೆಯಲ್ಲಿ ಬಿಚ್ಚಿಟ್ಟ ಕಾರು

ಪಾಂಡವಪುರದ ನಮ್ಮ ಮನೆಯಲ್ಲಿ ಒಂದು ಕಾರು ಇತ್ತು. ಆದರೆ ನೋಡಬೇಕೆಂದು ಬಂದವರಿಗೆ ಅದನ್ನು ತೋರಿಸಬೇಕಾದರೆ ಮನೆಯನ್ನೆಲ್ಲ ಸುತ್ತಿಸಬೇಕಾಗುತ್ತಿತ್ತು. ಕಾರಿನ ಮೈಕಟ್ಟು ಹಿತ್ತಲ ಕೊಟ್ಟಿಗೆಯಲ್ಲಿ, ಮೊದಲು ಎಮ್ಮೆ ಕಟ್ಟುತ್ತಿದ್ದ ಜಾಗದಲ್ಲಿ, ಸೈಜುಗಲ್ಲುಗಳ ಮೇಲೆ ಕೂತಿತ್ತು. ಎಂಜಿನ್ನು ನಡುಮನೆಯ ಕಂಬದ ಪಕ್ಕ ಗೋಣಿತಾಟಿನ ಮೇಲೆ. ಮುಂದಿನ ದೀಪಗಳು, ಬಂಪರು, ಜಾಲರಿ ಇವೆಲ್ಲ ಜಗಲಿಗೆ ಹೊಂದಿಕೊಂಡ ಕೋಣೆಯಲ್ಲಿ. ಹಿಂದಿನ ಸೀಟು ಅಡಿಗೆಮನೆಯ ಹೊರಗಿನ ಪಡಸಾಲೆಯಲ್ಲಿ, ಅದರ ಮೇಲೆ ನಮ್ಮಜ್ಜಿ ಹಗಲು ಹೊತ್ತು ಕಾಲು ಚಾಚಿ ಮಲಗುತ್ತಿದ್ದಳು. ಇದು ಅಡ್ಡಾದಿಡ್ಡಿ ಹರಡಿದ್ದಲ್ಲ, ಅಪ್ಪನ ಲೆಕ್ಕಾಚಾರ. ಬೀದಿ ಬಾಗಿಲು ಅಂದರೆ ಕಾರಿನ ಮೂತಿ, ಹಿತ್ತಲ ಬಾಗಿಲು ಅಂದರೆ ಡಿಕ್ಕಿ. ಕಾರಿನ ಎಡಭಾಗದ ಸಾಮಾನು ಮನೆಯ ಎಡಗೋಡೆಗೆ, ಬಲಭಾಗದ್ದು ಬಲಗೋಡೆಗೆ. ಹಾಗೆ ಇಟ್ಟರೆ ಕತ್ತಲಲ್ಲಿ ಕೈಹಾಕಿದರೂ ಯಾವುದು ಎಲ್ಲಿಯದು ಎಂದು ಗೊತ್ತಾಗುತ್ತದೆ ಅನ್ನುವುದು ಅವನ ವಾದ. ನಾವು ಕಾರಿನೊಳಗೇ ಉಣ್ಣುತ್ತಿದ್ದೆವು, ಮಲಗುತ್ತಿದ್ದೆವು, ಜಗಳವಾಡುತ್ತಿದ್ದೆವು.

ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಹುಟ್ಟಿದ್ದು ಬೆಳಗೊಳದಲ್ಲಿ, ಎರಡು ತುಂಡು ಗದ್ದೆಯಿದ್ದ ಮನೆಯಲ್ಲಿ. ಆ ಕಾರು ಅದೇ ಊರಿನ ಪಟೇಲರದಾಗಿತ್ತು, ದುಂಡು ಬೆನ್ನಿನ ಮಾರಿಸ್ ಮೈನರ್. ಹುಡುಗನಾಗಿದ್ದಾಗ ಅಪ್ಪ ಶನಿವಾರ ಶನಿವಾರ ನಾಲೆಯಿಂದ ನೀರು ಹೊತ್ತು ಅದನ್ನು ತೊಳೆಯುತ್ತಿದ್ದನಂತೆ. ಒರೆಸಿ ಹೊಳಪು ಬಂದ ಮೇಲೆ ಪಟೇಲರ ಮಕ್ಕಳು ಹತ್ತಿ ಕೂರುತ್ತಿದ್ದರು, ಅಪ್ಪ ಬಕೆಟ್ಟು ಹಿಡಿದು ಮನೆಗೆ ಬರುತ್ತಿದ್ದ. ಒಂದು ದಿನವೂ ಒಳಗೆ ಕೂರು ಎಂದು ಯಾರೂ ಅನ್ನಲಿಲ್ಲ. ಆಮೇಲೆ ಪಟೇಲರು ತೀರಿಕೊಂಡರು, ಮಕ್ಕಳು ಭಾಗವಾದರು, ಮನೆಯನ್ನು ಕೆಡವಿ ಮರಮಟ್ಟು ಮಾರುವಾಗ ಹುಲ್ಲಿನ ಮನೆಯಲ್ಲಿ ತುಕ್ಕು ಹಿಡಿದು ನಿಂತಿದ್ದ ಕಾರು ಕಂಡಿತು. ಅದರ ಸೀಟಿನಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಬೇಕಾದರೆ ಎಳೆದುಕೊಂಡು ಹೋಗು ಎಂದು ಪಟೇಲರ ಮಕ್ಕಳು ಅಪ್ಪನಿಗೆ ಅಂದರಂತೆ. ಟ್ರಾಕ್ಟರಿಗೆ ಹಗ್ಗ ಕಟ್ಟಿ ಅದನ್ನು ಪಾಂಡವಪುರಕ್ಕೆ ತಂದ ದಿನ ಅಜ್ಜಿ ಬೀದಿಯಲ್ಲಿ ನಿಂತು ಆರತಿ ಎತ್ತಿದಳು. ಅವಳಿಗೆ ಒಂದೇ ಆಸೆ, ಮಗ ಓಡಿಸುವ ಆ ಕಾರಿನಲ್ಲಿ ಬೆಳಗೊಳದ ಬೀದಿಯಲ್ಲಿ ಒಂದು ಸಲ ಹಾದುಹೋಗಬೇಕು.

ಬಿಚ್ಚುವ ಕೆಲಸ ಶುರುವಾದಾಗ ನಾನು ಮಿಡ್ಲಿಸ್ಕೂಲಿನಲ್ಲಿದ್ದೆ. ನನ್ನ ಅಕ್ಷರ ದುಂಡಗಿತ್ತು. ಹಾಗಾಗಿ ಹೆಸರು ಬರೆಯುವ ಕೆಲಸ ನನಗೆ ಬಂತು. ಒಂದು ಭಾಗ ಕಳಚಿದ ಕೂಡಲೇ ಅಪ್ಪ ರಟ್ಟಿನ ಮೇಲೆ ಅದರ ಆಕಾರ ಬರೆಯುತ್ತಿದ್ದ. ಬೋಲ್ಟು ಎಲ್ಲೆಲ್ಲಿಂದ ಬಂತೋ ರಟ್ಟಿನಲ್ಲಿ ಅಲ್ಲಲ್ಲೇ ತೂತು ಕೊರೆದು ಸಿಕ್ಕಿಸುತ್ತಿದ್ದ. ನಾನು ಪಕ್ಕದಲ್ಲಿ ‘ಮುಂದಿನ ಎಡಬಾಗಿಲು, ಮೇಲಿನ ಕೀಲು’ ಎಂದು ಬರೆಯುತ್ತಿದ್ದೆ. ಸಣ್ಣ ತಿರುಪುಗಳು ಹಾಲಿನಪುಡಿ ಡಬ್ಬಗಳಿಗೆ, ವಾಷರುಗಳು ಕಳಚಿದ ಕ್ರಮದಲ್ಲೇ ತಂತಿಗೆ. ದೊಡ್ಡ ಭಾಗಗಳಿಗೆ ಹಳೆ ಪಂಚೆಯ ಚೂರು ಕಟ್ಟಿ, ಅದರ ಮೇಲೆ ಶಾಯಿಯಲ್ಲಿ ಹೆಸರು. ಕೆಲಸ ಮಾಡುವಾಗ ಅಪ್ಪ ಸಿಡುಕುತ್ತಿರಲಿಲ್ಲ. ಒಂದೇ ಒಂದು ವಿಷಯಕ್ಕೆ ರೇಗುತ್ತಿದ್ದ.

“ಕೈಲಿರೋದ್ನ ಕೆಳೀಕ್ ಮಡಗಕ್ಕೆ ಮುಂಚೆ ಎಲ್ ಮಡಗ್ತಿದೀನಿ ಅಂತ ಬಾಯ್ಬುಟ್ಟು ಯೋಳು ಸುಧಾ. ಯೋಳ್ದೆ ಮಡಗಿದ್ದು ಕಳ್ದಂಗೇಯ.”

ನಾನು ಹೇಳುತ್ತಿದ್ದೆ. ಬಲಗೋಡೆ, ಕೆಳಗಿನ ಗೂಡು, ಹಸಿರು ಡಬ್ಬ. ಅಪ್ಪ ತಲೆಯಾಡಿಸುತ್ತಿದ್ದ. ನನ್ನ ಜೀವನದಲ್ಲಿ ಅವನು ನನ್ನನ್ನು ಅಷ್ಟು ಲಕ್ಷ್ಯವಿಟ್ಟು ನೋಡಿದ್ದು ಆ ದಿನಗಳಲ್ಲೇ.

ಅವ್ವನಿಗೆ ಇದು ಯಾವುದೂ ಹಿಡಿಸಿರಲಿಲ್ಲ. ನನ್ನವ್ವ ಜಯಮ್ಮ ಕೃಷ್ಣರಾಜಪೇಟೆ ಕಡೆಯ ಸಂತೆಬಾಚಹಳ್ಳಿಯವಳು, ಮಾತು ಕಡಿಮೆ. ಅನ್ನದಲ್ಲಿ ಗ್ರೀಸಿನ ವಾಸನೆ, ಹಾಸಿಗೆಯಲ್ಲಿ ಕಬ್ಬಿಣದ ಪುಡಿ, ನೆಂಟರು ಬಂದರೆ ಚಾಪೆ ಹಾಸಲು ಜಾಗವಿಲ್ಲ. ಅವಳು ಅದನ್ನೆಲ್ಲ ಸಹಿಸಿದಳು. ಸಹಿಸದೆ ಇದ್ದದ್ದು ಅಪ್ಪ ಅಡಿಗೆಮನೆಯ ಪಾತ್ರೆಗಳಿಗೆ ಕೈಹಾಕುವುದನ್ನು. ತುಕ್ಕು ಬಿಡಿಸಲು ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಬೇಕಿತ್ತು. ಅದಕ್ಕೆಂದೇ ಅವ್ವ ಒಂದು ಒಡಕು ಮಣ್ಣಿನ ಕುಡಿಕೆ ಕೊಟ್ಟಿದ್ದಳು. ಆದರೆ ಕೆಲಸದ ಭರದಲ್ಲಿ ಅಪ್ಪ ಕೈಗೆ ಸಿಕ್ಕ ಸ್ಟೀಲಿನ ಲೋಟವನ್ನೇ ಎತ್ತಿಕೊಳ್ಳುತ್ತಿದ್ದ. ಇದಕ್ಕೆ ವಾರಕ್ಕೊಮ್ಮೆಯಾದರೂ ಮಾತು ಬೆಳೆಯುತ್ತಿತ್ತು.

“ಉಣ್ಣೋ ಪಾತ್ರೆ ಮುಟ್ಬೇಡಿ ಅಂತ ಎಷ್ಟ್ ಸಲ ಯೋಳ್ಳಿ? ಮನೇಲಿ ಮಗ ಅದೆ.”

“ತೊಳ್ದಿಡ್ತೀನಿ ಬುಡೆ.”

ಅಷ್ಟರಲ್ಲಿ ಅಜ್ಜಿ ನಡುವೆ ಬರುತ್ತಿದ್ದಳು. ಒಂದು ಲೋಟಕ್ಕೆ ಗಂಡಸಿನ ಮೇಲೆ ಗಂಟಲು ಹರಿದುಕೊಳ್ಳುವ ಹೆಂಗಸನ್ನು ತಾನೆಲ್ಲೂ ನೋಡಿಲ್ಲ ಅನ್ನುತ್ತಿದ್ದಳು.

ಆ ಮಗು ನನ್ನ ತಮ್ಮ ಕುಮಾರ. ಆಗಷ್ಟೇ ಎರಡು ವರ್ಷ ತುಂಬಿತ್ತು. ಅವನ ತಲೆಗೂದಲು ಭುಜದವರೆಗೆ ಬೆಳೆದಿತ್ತು. ಕರಿಘಟ್ಟದಲ್ಲಿ ಮುಡಿ ಕೊಡುತ್ತೇನೆಂದು ಅಜ್ಜಿ ಹರಕೆ ಹೊತ್ತಿದ್ದಳು, ಕಾರು ಓಡುವಂತಾದ ಮೇಲೆ ಅದರಲ್ಲೇ ಹೋಗೋಣವೆಂದು ಮುಂದೆ ಹಾಕುತ್ತಾ ಬಂದಿದ್ದರು. ಅವ್ವ ಅದನ್ನು ನೆತ್ತಿಯ ಮೇಲೆ ಗಂಟು ಕಟ್ಟುತ್ತಿದ್ದಳು. ಅವನು ಡಬ್ಬಗಳ ನಡುವೆ ತೆವಳಿ, ಎದ್ದು, ನಡೆಯಲು ಕಲಿತವನು. ಸ್ಟಿಯರಿಂಗಿನ ಚಕ್ರ ಹಿಡಿದು ನಡುಮನೆಯಲ್ಲಿ ಕೂತು ಬುರ್ ಎನ್ನುತ್ತಿದ್ದ. ಎಷ್ಟು ಆಟವಾಡಿದರೂ ಯಾವ ಡಬ್ಬಕ್ಕೂ ಕೈಹಾಕುತ್ತಿರಲಿಲ್ಲ. ಅಪ್ಪ ಬೈದು ಬೈದು ಅಭ್ಯಾಸವಾಗಿತ್ತು. ಆದರೆ ಲೋಟ ಡಬ್ಬವಲ್ಲವಲ್ಲ.

ಅದು ಭಾನುವಾರ. ನಲ್ಲಿಗೆ ನೀರು ಬಂದಿತ್ತು. ಬೀದಿ ತುದಿಯ ನಲ್ಲಿಗೆ ಅವ್ವ ಕೊಡ ಹಿಡಿದು ಹೊರಟಳು, ನಾನು ಚಿಕ್ಕ ಬಿಂದಿಗೆ ಹಿಡಿದು ಹಿಂದೆ ಹೋದೆ. ಅಜ್ಜಿ ಹಿತ್ತಲಲ್ಲಿ ರಾಗಿ ಕೇರುತ್ತಿದ್ದಳು. ಅಪ್ಪ ಜಗಲಿಯ ಮೇಲೆ ಕೂತು ಹಲ್ಲುಜ್ಜುವ ಹಳೆ ಬ್ರಷ್ಷಿನಲ್ಲಿ ಬೋಲ್ಟು ಉಜ್ಜುತ್ತಿದ್ದ, ಪಕ್ಕದಲ್ಲಿ ಕುಮಾರ ಚಕ್ರ ತಿರುಗಿಸುತ್ತಿದ್ದ. ಆಮೇಲೆ ಅಪ್ಪನಿಂದಲೇ ತಿಳಿದದ್ದು ಇಷ್ಟು. ಅವನ ಸ್ಕೂಲಿನ ಇನ್ನೊಬ್ಬ ಮೇಷ್ಟ್ರು ಸೈಕಲ್ಲಿನಲ್ಲಿ ಬಂದು ಬೀದಿಯಿಂದ ಕರೆದರು. ಅಪ್ಪ ಬೋಲ್ಟುಗಳನ್ನು ಎತ್ತಿ ಬಟ್ಟೆಯ ಮೇಲೆ ಹಾಕಿ, ಸೀಮೆಎಣ್ಣೆಯ ಲೋಟವನ್ನು ಮೆಟ್ಟಿಲ ಮೇಲಿಟ್ಟು, ಎದ್ದು ಹೋಗಿ ಅವರೊಡನೆ ಮಾತಿಗೆ ನಿಂತ. ನಾವು ನೀರು ಹೊತ್ತು ಬೀದಿಯ ಅರ್ಧಕ್ಕೆ ಬರುವಷ್ಟರಲ್ಲಿ ಅಜ್ಜಿಯ ಕೂಗು ಕೇಳಿಸಿತು. ಅವ್ವನ ಸೊಂಟದಿಂದ ಕೊಡ ಜಾರಿ ಬಿದ್ದು ನೀರೆಲ್ಲ ಬೀದಿಗೆ ಹರಿಯಿತು. ಮನೆಗೆ ಓಡಿ ಬಂದಾಗ ಕುಮಾರ ಕೆಮ್ಮುತ್ತಿದ್ದ, ಅವನ ಅಂಗಿಯೆಲ್ಲ ಸೀಮೆಎಣ್ಣೆ. ಅಜ್ಜಿ ಅವನನ್ನು ಮೊಣಕಾಲ ಮೇಲೆ ಬೋರಲು ಹಾಕಿಕೊಂಡು, ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುತ್ತಿದ್ದಳು. ಮತ್ತೆ ಕುಡಿಸಿದಳು, ಮತ್ತೆ ಕಕ್ಕಿಸಿದಳು. ಅವಳಿಗೆ ಗೊತ್ತಿದ್ದ ಮದ್ದು ಅದೊಂದೇ. ಅಪ್ಪ ಪಕ್ಕದಲ್ಲಿ ಖಾಲಿ ಲೋಟ ಹಿಡಿದು ನಿಂತಿದ್ದ. ಕಾರಿದ್ದ ಮನೆಯಿಂದ ಮಗುವನ್ನು ಆಸ್ಪತ್ರೆಗೆ ಒಯ್ಯಲು ಗಾಡಿಯಿರಲಿಲ್ಲ. ಡೈರಿಯ ಹಾಲಿನ ವ್ಯಾನು ಬರುತ್ತಿತ್ತು, ಅವ್ವ ಹೋಗಿ ಅದಕ್ಕೆ ಅಡ್ಡ ನಿಂತಳು.

ಊರಿನ ಆಸ್ಪತ್ರೆಯಿಂದ ಮೈಸೂರಿಗೆ ಕಳಿಸಿದರು. ಅಲ್ಲಿ ಕುಮಾರ ಎರಡು ದಿನ ಇದ್ದ. ಅವನ ಎದೆ ಏರಿಳಿಯುವಾಗ ಪಕ್ಕೆಲುಬಿನ ಸಂದುಗಳು ಒಳಕ್ಕೆ ಎಳೆದುಕೊಳ್ಳುತ್ತಿದ್ದವು, ತುಟಿಯ ಬಣ್ಣ ನೇರಳೆಗೆ ತಿರುಗಿತ್ತು. ಅಜ್ಜಿ ಪಾಂಡವಪುರದಲ್ಲೇ ಉಳಿದಿದ್ದಳು. ನಾನು ಅವ್ವನ ಸೆರಗು ಬಿಡದಿದ್ದಕ್ಕೆ ನನ್ನನ್ನೂ ಜೊತೆಯಲ್ಲಿ ಕರೆದುಕೊಂಡು ಹೋಗಿದ್ದರು. ಹಾಗಾಗಿ ಡಾಕ್ಟರು ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ. ಅವರು ಮೆಲ್ಲಗೆ ಮಾತಾಡುವ ಮನುಷ್ಯ. ಸೀಮೆಎಣ್ಣೆ ಹೊಟ್ಟೆಗೆ ಹೋದರೆ ಅಷ್ಟು ಅಪಾಯವಿಲ್ಲ, ಶ್ವಾಸಕೋಶಕ್ಕೆ ಹೋದರೆ ಕಷ್ಟ, ವಾಂತಿ ಮಾಡಿಸುವಾಗ ಅದು ಅಲ್ಲಿಗೆ ಇಳಿದಿದೆ, ಮಾಡಿಸಬಾರದಾಗಿತ್ತು ಎಂದರು. ಯಾರು ಮಾಡಿಸಿದ್ದು ಎಂದು ಅವರು ಕೇಳಲಿಲ್ಲ. ಅವರು ಹೋದ ಮೇಲೆ ಅಪ್ಪ ಗೋಡೆಗೆ ಹಣೆ ಒತ್ತಿಕೊಂಡು ಅತ್ತ.

“ಲೋಟ ನಾನೇ ಮಡಗಿದ್ದು ಜಯಾ. ಮೆಟ್ಲ್ ಮೇಲೆ ನಾನೇ ಮಡ್ಗಿ ಓದೆ.”

 ಅವ್ವ ಹೇಳಿದಳು:

“ಡಾಕ್ಟ್ರು ಅಂದಿದ್ದ ನಿಮ್ಮವ್ವಂಗೆ ಯೋಳ್ಬೇಡಿ. ಮುದ್ಕಿ ತಡಕಳಕಿಲ್ಲ.”

ಮಗುವನ್ನು ಮುಡಿಯ ಸಮೇತ ಹೂಳಿದರು. ಮನೆಯಲ್ಲಿ ನೆಂಟರು ತುಂಬಿದ್ದರು. ಹೆಂಗಸರ ನಡುವೆ ಅಜ್ಜಿ ಎದೆ ಬಡಿದುಕೊಂಡು ಅಳುತ್ತಿದ್ದಳು, ಹೇಗಾಯಿತೆಂದು ಕೇಳಿದವರಿಗೆಲ್ಲ ಹೇಳುತ್ತಿದ್ದಳು.

“ಸ್ಟೌಗೆ ಸೀಮೆಣ್ಣೆ ಉಯ್ದು ಲೋಟ್ವ ಅಲ್ಲೇ ಬುಟ್ಟು, ನಲ್ಲಿತಾವ ಮಾತಾಡ್ತಾ ನಿಂತವ್ಳೆ ಕಣವ್ವ. ಎತ್ತೋಳ್ಗೆ ಗ್ಯಾನ ಬ್ಯಾಡ್ವಾ?”

ಎಲ್ಲರೂ ಅವ್ವನ ಕಡೆ ನೋಡಿದರು. ಅವ್ವ ಅಪ್ಪನ ಕಡೆ ನೋಡಿದಳು. ಅಪ್ಪ ಕಂಬಕ್ಕೊರಗಿ ಕೂತಿದ್ದ, ಅವನಿಗೆ ಮಾತು ಸರಿಯಾಗಿ ಕೇಳಿಸುವಷ್ಟು ಹತ್ತಿರದಲ್ಲೇ ಕೂತಿದ್ದ. ಅವನು ತಲೆಯೆತ್ತಲಿಲ್ಲ. ಆ ಒಂದು ಕ್ಷಣ ಕಳೆಯಿತು, ಇನ್ನಾರೋ ಬಂದು ಅಳತೊಡಗಿದರು, ಅಜ್ಜಿಯ ಮಾತು ಹಾಗೆಯೇ ಉಳಿದುಬಿಟ್ಟಿತು. ಮರುದಿನದಿಂದ ಅದು ಊರಿಗೆಲ್ಲ ನಿಜವಾಯಿತು.

ಸೂತಕ ಕಳೆಯಲು ಮನೆ ತೊಳೆಯುವ ದಿನ ಬಂಧುಗಳೆಲ್ಲ ಸೇರಿ ಕೋಣೆ ಕೋಣೆ ಖಾಲಿ ಮಾಡಿದರು. ಅವರಿಗೆ ಅದೆಲ್ಲ ಗುಜರಿ. ಡಬ್ಬಗಳನ್ನು ಒಂದೊಂದಾಗಿ ಗೋಣಿಚೀಲಕ್ಕೆ ಸುರಿದರು, ತಂತಿಗಳನ್ನು ಬಿಚ್ಚಿ ಎಸೆದರು. ನಾನು ಬರೆದ ರಟ್ಟುಗಳು ಬಚ್ಚಲ ಒಲೆಗೆ ಹೋದವು. ಆ ಉರಿಯಲ್ಲಿ ಕಾದ ನೀರಿನಲ್ಲೇ ಎಲ್ಲರೂ ಸ್ನಾನ ಮಾಡಿದರು. ಚೀಲಗಳನ್ನು ಕೊಟ್ಟಿಗೆಗೆ ಎಳೆದುಹಾಕುವಾಗ ಅಪ್ಪ ಬೇಡವೆನ್ನಲಿಲ್ಲ. ಅವ್ವ ತನ್ನ ಸೀರೆಗಳನ್ನೂ ನನ್ನ ಪುಸ್ತಕಗಳನ್ನೂ ಒಂದು ಟ್ರಂಕಿಗೆ ತುಂಬಿ, ಯಾರಿಗೂ ಏನೂ ಹೇಳದೆ, ನನ್ನ ಕೈಹಿಡಿದು ಬಸ್ಸು ಹತ್ತಿದಳು.

ಸಂತೆಬಾಚಹಳ್ಳಿಯಲ್ಲಿ ನನ್ನನ್ನು ಅಲ್ಲಿಯ ಸ್ಕೂಲಿಗೆ ಹಾಕಿದರು. ತಾತನ ಮನೆಯಲ್ಲಿ ನೆಲವೆಲ್ಲ ಖಾಲಿ. ಮೊದಮೊದಲು ಹೆಜ್ಜೆ ಇಡುವಾಗ ಸುಮ್ಮನೆ ಸುತ್ತುಹಾಕಿ ನಡೆಯುತ್ತಿದ್ದೆ, ಅಲ್ಲಿ ಏನೂ ಇರದಿದ್ದರೂ. ಅವ್ವ ಬೆಳಿಗ್ಗೆ ಎದ್ದು ಹಸು ಕರೆದು ಡೈರಿಗೆ ಹಾಲು ಹಾಕಿ ಬರುತ್ತಿದ್ದಳು, ಮಧ್ಯಾಹ್ನ ಹೊಲಕ್ಕೆ ಹೋಗುತ್ತಿದ್ದಳು, ಸಂಜೆ ಎಲ್ಲರೂ ಉಂಡ ಮೇಲೆ ಕೂತು ಉಣ್ಣುತ್ತಿದ್ದಳು. ಅವಳು ಅತ್ತಿದ್ದನ್ನು ನಾನು ಕಾಣಲಿಲ್ಲ. ಸಂತೆಯ ದಿನ ಯಾರಾದರೂ ಚಿಕ್ಕ ಗಂಡುಮಗುವನ್ನು ಎತ್ತಿಕೊಂಡು ಬಂದರೆ ಒಳಗೆ ಹೋಗಿಬಿಡುತ್ತಿದ್ದಳು. ಅಪ್ಪ ಕೆಲವು ಭಾನುವಾರ ಬಸ್ಸು ಬದಲಾಯಿಸಿ ಬರುತ್ತಿದ್ದ. ಅವ್ವ ಅವನಿಗೆ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ತಾತ ಜಗಲಿಯಲ್ಲಿ ಮಳೆ ಬೆಳೆಯ ಮಾತಾಡಿ ಎದ್ದು ಹೋಗುತ್ತಿದ್ದ. ಹೀಗೆ ಒಂದು ಸಲ ಬಂದಾಗ ಅಪ್ಪ ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದು ನನ್ನ ಮುಂದೆ ಬಿಚ್ಚಿದ. ತುಂಬಾ ಬೋಲ್ಟುಗಳು, ತಿರುಪುಗಳು, ಹಿತ್ತಾಳೆಯ ಒಂದು ಉಂಗುರ.

“ಇವು ಎಲ್ಲೀವು ಅಂತ ಗ್ಯಾಪ್ಕ ಅದಾ ಮಗಾ? ಎಲ್ಲಾ ಬೆರ್ತೋಗವೆ.”

ನನಗೆ ನೆನಪಿತ್ತು. ನಾನೇ ಬರೆದದ್ದಲ್ಲವೇ. ಉದ್ದದ ಬೋಲ್ಟು ರೇಡಿಯೇಟರಿನದು, ಅದರ ತಲೆಯಲ್ಲಿ ಉಳಿಯ ಗಾಯವಿತ್ತು. ಕುಳ್ಳನೆಯ ತಿರುಪುಗಳು ಬಲಬಾಗಿಲಿನ ಕೀಲಿನವು, ಎಡಬಾಗಿಲಿನವು ಸ್ವಲ್ಪ ಸವೆದಿದ್ದವು. ನಾನು ಒಂದೊಂದನ್ನೇ ಎತ್ತಿ ಹೇಳಿದೆ, ಅಪ್ಪ ಮತ್ತೆ ಬಟ್ಟೆಯ ಚೂರುಗಳಲ್ಲಿ ಬೇರೆ ಬೇರೆ ಕಟ್ಟಿಕೊಂಡ. ಅಂದಿನಿಂದ ಪ್ರತಿ ಸಲವೂ ಒಂದು ಗಂಟು ತರುತ್ತಿದ್ದ. ಅವನಿಗೆ ಆ ಕಾರನ್ನು ಮತ್ತೆ ಕಟ್ಟುವುದು ಯಾಕೆ ಬೇಕಾಗಿತ್ತೋ ನನಗೆ ಗೊತ್ತಿಲ್ಲ. ಕೇಳಿದ್ದರೂ ಅವನಿಗೆ ಹೇಳಲು ಬರುತ್ತಿರಲಿಲ್ಲವೇನೋ. ಕೈಗಳಿಗೆ ಬೇರೆ ಕೆಲಸ ಇರಲಿಲ್ಲ, ಮನೆಯಲ್ಲಿ ಅಜ್ಜಿಯನ್ನು ಬಿಟ್ಟರೆ ಜನ ಇರಲಿಲ್ಲ. ಆ ಹಿತ್ತಾಳೆ ಉಂಗುರದ ಜೋಡಿ ಕಳೆದುಹೋಗಿತ್ತೆಂದು ನಾಗಮಂಗಲಕ್ಕೆ ಹೋಗಿ, ಪಾತ್ರೆ ಮಾಡುವವರ ಹತ್ತಿರ ಕೂತು, ಹೊಸದನ್ನು ಮಾಡಿಸಿಕೊಂಡು ಬಂದಿದ್ದ. ಅದನ್ನು ನನಗೆ ತೋರಿಸುವಾಗ ಅವನ ಮುಖದಲ್ಲಿ ಒಂದಿಷ್ಟು ಹಳೆಯ ಬೆಳಕಿತ್ತು. ಅದೇ ಹೊತ್ತಿಗೆ ಅವ್ವ ಹೊಲದಿಂದ ಬಂದಳು. ನನ್ನ ಅಂಗೈಯಲ್ಲಿದ್ದ ಉಂಗುರವನ್ನು ನೋಡಿದಳು. ತಿಂಗಳುಗಟ್ಟಲೆ ಕೂಡಿಟ್ಟ ಮಾತು ಅಂಗಳದಲ್ಲೇ ಹೊರಗೆ ಬಂತು.

“ಒಂದ್ ವಾಷರ್ಗೆ ನಾಗ್ಮಂಗ್ಲಗಂಟ ಓಗ್ತೀರಿ. ಇದು ಇಲ್ಲಿತ್ತು, ಅದು ಅಲ್ಲಿತ್ತು ಅಂತ ಈ ಮಗೀನ ಕೇಳ್ತೀರಿ. ಆ ಲೋಟ ಯಾರ್ ಮಡಗಿದ್ದು ಅಂತ ನಿಮ್ಮವ್ವಂಗೆ ಒಂದ್ ಮಾತ್ ಯೋಳಕ್ಕೆ ನಿಮ್ಗೆ ಬಾಯಿಲ್ವಾ?”

“ಜಯಾ, ಅವ್ವಂಗೆ ವಯಸ್ಸಾಗದೆ...”

“ನಂಗೂ ಆಯ್ತದೆ. ಮಗೀನ ಕೊಂದೋಳು ಅನ್ನುಸ್ಕಂಡೇ ಆಯ್ತದೆ.”

ಅಪ್ಪ ಗಂಟು ಕಟ್ಟಿಕೊಂಡು ಹೊರಟುಹೋದ. ಆಮೇಲೆ ಬಹಳ ದಿನ ಬರಲಿಲ್ಲ. ಮತ್ತೆ ಬಂದದ್ದು ಕಾರಿನಲ್ಲೇ.

ಮೊದಲು ಕೇಳಿಸಿದ್ದು ಹುಡುಗರ ಕೂಗು. ಬೀದಿಯ ತಿರುವಿನಲ್ಲಿ ಬೂದುಬಣ್ಣದ ಕಾರು ಬಂತು, ಹಿಂದೆ ಅರ್ಧ ಊರು. ಶ್ರೀರಂಗಪಟ್ಟಣದ ಗೌಸ್ ಸಾಬರೆಂಬ ಮೆಕಾನಿಕ್ ಒಬ್ಬರ ಸಹಾಯದಿಂದ ಅಪ್ಪ ಅದನ್ನು ಕಟ್ಟಿ ಮುಗಿಸಿದ್ದ. ಹಿಂದಿನ ಸೀಟಿನಲ್ಲಿ ಅಜ್ಜಿ ಕೂತಿದ್ದಳು, ಹೊಸ ಸೀರೆಯುಟ್ಟು, ನೆಟ್ಟಗೆ. ಅವಳು ಬರುತ್ತಾಳೆಂದು ಯಾರೂ ಎಣಿಸಿರಲಿಲ್ಲ. ತಾತ ಎದ್ದು ಬಾಗಿಲಲ್ಲಿ ನಿಂತ. ಅವ್ವ ಸೆರಗಿಗೆ ಕೈ ಒರೆಸುತ್ತಾ ಹೊರಗೆ ಬಂದಳು, ನಾನು ಅವಳ ಪಕ್ಕದಲ್ಲಿದ್ದೆ. ಅಪ್ಪ ಅಜ್ಜಿಯನ್ನು ಕೈಹಿಡಿದು ಇಳಿಸಿ ಜಗಲಿಯ ಮೇಲೆ ಕೂರಿಸಿದ. ನೀರು ಕೊಡುವ ಮೊದಲೇ, ಕೂರುವ ಮೊದಲೇ, ಅಷ್ಟು ಜನರ ಮುಂದೆ ನಿಂತು ಹೇಳಿದ:

“ಅವ್ವಾ, ಆವತ್ತು ಸೀಮೆಣ್ಣೆ ಲೋಟ ಮೆಟ್ಲ್ ಮೇಲೆ ಮಡಗಿದ್ದು ನಾನು. ಜಯ ಅಲ್ಲ.”

 ಅಜ್ಜಿ ಅಪ್ಪನನ್ನು ನೋಡಿದಳು. ಅವಳ ಮುಖದಲ್ಲಿ ಅಚ್ಚರಿಯೇ ಇರಲಿಲ್ಲ.

“ನಂಗೊತ್ತು ಕಣ್ಲಾ. ನೀನಲ್ದೆ ಇನ್ಯಾರ್ ಮಡಗ್ತಾರೆ? ಯೆತ್ತ ಮಗನ್ನ ಅಂಗನ್ನಕ್ಕಾಯ್ತದಾ?”

 ಅಜ್ಜಿಗೆ ಗೊತ್ತಿದ್ದುದನ್ನೇ ಅವಳಿಂದ ಇಷ್ಟು ದಿನ ಬಚ್ಚಿಟ್ಟಿದ್ದೆ ಎಂದು ಅಪ್ಪನಿಗೆ ಆಗ ಹೊಳೆದಿರಬೇಕು. ಅಜ್ಜಿ ಅಲ್ಲಿಗೆ ನಿಲ್ಲಿಸಲಿಲ್ಲ. ಅಷ್ಟು ಜನ ನೋಡುತ್ತಿದ್ದುದರಿಂದ ಅವಳಿಗೆ ಸೋಲಲು ಇಷ್ಟವಿರಲಿಲ್ಲವೋ ಏನೋ, ಅವ್ವನ ಕಡೆ ತಿರುಗಿದಳು.

“ಮಡಗೋರು ಮಡಗುದ್ರು. ಉಳ್ಸಕ್ ನೋಡ್ದೋಳು ನಾನು. ಉಪ್ಪುನೀರ್ ಕುಡ್ಸಿ ನಾನ್ ಕಕ್ಕಿಸ್ದೆ ಓಗಿದ್ರೆ ಮಗ ಆವತ್ತೇ ಓಗ್ಬುಡದು. ಎಲ್ಡ್ ದಿನಾನಾರ ಉಳ್ಸುದ್ನಲ್ಲ. ನೀನೇನ್ ಮಾಡ್ದೆ?”

 ಡಾಕ್ಟರು ಹೇಳಿದ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವನ ಕೈ ನನ್ನ ತೋಳನ್ನು ಹಿಡಿಯಿತು. ಎಷ್ಟು ಬಿಗಿಯಾಗಿ ಎಂದರೆ ಬೆರಳಿನ ಗುರುತು ಮರುದಿನವೂ ಇತ್ತು. ಅಪ್ಪ ಅವ್ವನನ್ನೇ ನೋಡುತ್ತಿದ್ದ, ಕೈಮುಗಿಯುವುದೊಂದು ಬಾಕಿ. ಅವ್ವ ಅವನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. 

“ಊಂ ಅತ್ತೆ. ನೀವ್ ಉಳ್ಸುದ್ರಿ,” ಅಂದಳು. “ಏಳಿ, ಕೈಕಾಲ್ ತೊಳ್ಕಳಿ. ಮುದ್ದೆ ಆರೋಯ್ತದೆ.”

ಅವರು ಉಂಡು ಹೋದರು. ಅಂದು ಅವ್ವ ಕಾರು ಹತ್ತಲಿಲ್ಲ. ನನ್ನ ಪರೀಕ್ಷೆ ಮುಗಿದ ಮೇಲೆ ಟ್ರಂಕು ತುಂಬಿ ಬಸ್ಸಿನಲ್ಲಿ ನನ್ನನ್ನು ಪಾಂಡವಪುರಕ್ಕೆ ಕರೆದುಕೊಂಡು ಬಂದಳು, ಮತ್ತೆ ಎಂದೂ ತೌರಿಗೆಂದು ಹೋಗಿ ಉಳಿಯಲಿಲ್ಲ. ಅಪ್ಪ ಅಜ್ಜಿಯನ್ನು ಕೂರಿಸಿಕೊಂಡು ಬೆಳಗೊಳದಲ್ಲಿ ಹಾದುಬಂದ. ಪಟೇಲರ ಮನೆಯಿದ್ದ ಕಡೆ ಬರೀ ಮಣ್ಣುದಿಬ್ಬವಿತ್ತು, ನೋಡುವವರು ಯಾರೂ ಇರಲಿಲ್ಲವೆಂದು ಅಜ್ಜಿ ಬೇಸರದಿಂದ ಹೇಳಿದಳು. ಕೆಲವು ವರ್ಷದ ಮೇಲೆ ಮೈಸೂರಿನ ಯಾರೋ ಬಂದು ಕಾರನ್ನು ತೆಗೆದುಕೊಂಡು ಹೋದರು. ಅಜ್ಜಿ ಇನ್ನೂ ಬಹಳ ಕಾಲ ಬದುಕಿದಳು. ಹಾಸಿಗೆ ಹಿಡಿದಾಗ ಅವಳ ಮೈ ತೊಳೆದು, ಗಂಜಿ ಕುಡಿಸಿ, ಕೊನೆಯವರೆಗೆ ನೋಡಿಕೊಂಡವಳು ಅವ್ವನೇ. ಮೊಮ್ಮಗನನ್ನು ಎರಡು ದಿನ ಉಳಿಸಿದ ನಂಬಿಕೆಯಲ್ಲೇ ಅವಳು ಹೋದಳು.

ಈಗ ಅವ್ವ ಶ್ರೀರಂಗಪಟ್ಟಣದಲ್ಲಿ ನನ್ನ ಜೊತೆ ಇದ್ದಾಳೆ. ಅಪ್ಪನೂ ಹೋದ. ಮೊನ್ನೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ, ಇಷ್ಟು ವರ್ಷ ಕೇಳದೆ ಇದ್ದದ್ದನ್ನು ಕೇಳಿದೆ. ಆವತ್ತು ಜಗಲಿಯ ಮೇಲೆ ಡಾಕ್ಟರ ಮಾತು ಹೇಳಿಬಿಡಬಹುದಿತ್ತಲ್ಲ, ಅಷ್ಟೊಂದು ಕನಿಕರ ಎಲ್ಲಿಂದ ಬಂತು ನಿನಗೆ ಎಂದೆ. ಅವ್ವ ಕಾಳು ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ಕನಿಕರ ಒಂದೀಟ್ ಇತ್ತು, ಇಲ್ಲ ಅನ್ನಕಿಲ್ಲ. ಆದ್ರೆ ನಾನ್ ಬಾಯ್ಬುಟ್ಟಿದ್ರೆ ಅವತ್ತಿಗೇ ಮುಗ್ದೋಗದು ಕಣೆ. ಯಾವತ್ ಬಾಯ್ಬುಡ್ತಾಳೋ ಅಂತ ನಿಮ್ಮಪ್ಪ ಬದ್ಕಿರೋಗಂಟ ಎದ್ರುಕಂಡಿರ್ಲಿ ಅಂತ ಸುಮ್ಕಾದೆ.”

ನನಗೆ ಪಾಂಡವಪುರದ ನಡುಮನೆ ಕಣ್ಣಿಗೆ ಕಟ್ಟಿತು. ಅಪ್ಪ ಉಣ್ಣಲು ಕೂತಿರುತ್ತಿದ್ದ. ಪಡಸಾಲೆಯಲ್ಲಿ ಅಜ್ಜಿ ಏನೋ ಕೇಳುತ್ತಿದ್ದಳು, ಅವ್ವ ಬಗ್ಗಿ ತಗ್ಗಿದ ದನಿಯಲ್ಲಿ ಏನೋ ಹೇಳುತ್ತಿದ್ದಳು, ಹಾಲಿನ ವಿಷಯವೋ, ಹೂವಿನ ವಿಷಯವೋ. ಅಪ್ಪನ ತುತ್ತು ಬಾಯಿಯ ಹತ್ತಿರವೇ ನಿಂತುಬಿಡುತ್ತಿತ್ತು. ಅವ್ವ ಎದ್ದು ಬಂದು, ಅದನ್ನು ನೋಡಿ, ಅವನ ಮುದ್ದೆಗೆ ಇನ್ನೊಂದು ಸೌಟು ಸಾರು ಬಿಡುತ್ತಿದ್ದಳು.